ನೀಲಿ ಡೇರೆಯ ವರದಿ

ನನ್ನ ಸಿಟ್ಟಿನ ಬಗ್ಗೆ ಮನೆಯಲ್ಲಿ ಒಂದು ದೂರು ಇದೆ. ಸಾರಿಗೆ ಉಪ್ಪು ಹೆಚ್ಚಾದರೆ ನಾನು ಸುಮ್ಮನೆ ಉಣ್ಣುತ್ತೇನಂತೆ. “ಉಪ್ಪು ಹೆಚ್ಚಾಗ್ಯದ್ರಿ, ಸ್ವಲ್ಪ ಮಜ್ಜಿಗಿ ಹಾಕ್ಕೊಳ್ರಿ” ಎಂದು ಹೆಂಡತಿ ಮೊದಲೇ ಹೇಳಿದರೆ ಮಾತ್ರ ತಟ್ಟೆ ಸರಿಸಿ ಎದ್ದುಹೋಗುತ್ತೇನಂತೆ. ದೂರು ನಿಜ. ತಪ್ಪು ಮಾಡುವವರ ಮೇಲೆ ನನಗೆ ಕೋಪವಿಲ್ಲ, ಅವರು ನನ್ನ ಜಾತಿಯವರೇ. ಸರಿಯಾದದ್ದನ್ನು ಮೆಲ್ಲಗೆ, ವಿನಯದಿಂದ ಹೇಳುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಆ ಉರಿಯಲ್ಲೇ ನಾನು ಒಮ್ಮೆ ಸರ್ಕಾರಕ್ಕೆ ಒಂದು ಸುಳ್ಳು ವರದಿ ಬರೆದೆ. ಲಂಚ ತಿಂದು ಬರೆದಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲವೇನೋ.

ಎಂಬತ್ತರ ದಶಕದ ಮಾತು. ನಾನು ಕಾಲುವೆ ಸರ್ವೆಯಲ್ಲಿ ಓವರ್‌ಸೀಯರ್. ಮನೆ ಜೇವರ್ಗಿಯಲ್ಲಿ, ಬದುಕು ಹೊಲಗಳ ನಡುವಿನ ಡೇರೆಯಲ್ಲಿ. ನಮ್ಮ ಡೇರೆಗಳ ಯಜಮಾನ ಹಿರಿಯ ಖಲಾಸಿ ಮಸ್ತಾನಸಾಬ. ಡೇರೆ ಹೊಡೆಯುವುದು, ಕೀಳುವುದು, ಹರಿದಲ್ಲಿ ದಬ್ಬಣ ಹಿಡಿದು ಹೊಲಿಯುವುದು ಎಲ್ಲ ಅವನದೇ. ಆ ಕ್ಯಾನ್ವಾಸ್ ಡೇರೆಗಳೋ ದೇವರಿಗೇ ಪ್ರೀತಿ! ಒಂದೊಂದೂ ಅರ್ಧ ಬಂಡಿ ತುಂಬುತ್ತಿತ್ತು, ಎತ್ತಲು ನಾಲ್ಕು ಜನ ಬೇಕು, ಮಳೆಯಲ್ಲಿ ನೆನೆದರೆ ಎಮ್ಮೆಯ ಕೊಟ್ಟಿಗೆಯ ವಾಸನೆ. ಮೇಲಾಗಿ ನಮ್ಮದು ಎರೆಭೂಮಿ. ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರುಕು ಬಿಡುತ್ತದೆ, ಗೂಟ ನಿಲ್ಲುವುದಿಲ್ಲ. ಮಸ್ತಾನಸಾಬ ಗೂಟದ ಗೊಡವೆಗೇ ಹೋಗದೆ, ಜೋಳದ ಚೀಲಗಳಿಗೆ ಮಣ್ಣು ತುಂಬಿ, ತಗ್ಗು ತೋಡಿ ಹೂತು, ಅವಕ್ಕೆ ಹಗ್ಗ ಬಿಗಿಯುತ್ತಿದ್ದ. ಇದಕ್ಕೆ ಅರ್ಧ ದಿನ ಹಾಳು. ಬಿಸಿಲು ಏರುತ್ತಲೇ ಡೇರೆಯ ಮೇಲೆ ನಾಲ್ಕು ಕೊಡ ನೀರು ಸುರಿಯುತ್ತಿದ್ದ. ಬಟ್ಟೆ ನೀರು ಕುಡಿದು, ಒಳಗೆ ಕೂತವರಿಗೆ ಸಂಜೆಯವರೆಗೆ ತಂಪು.

ಹೀಗಿರುವಾಗ ಗುಲ್ಬರ್ಗಾದ ಕಚೇರಿಯಿಂದ ಒಂದು ನೈಲಾನ್ ಡೇರೆ ಬಂತು. ನೀಲಿ ಬಣ್ಣ, ಕಂಕುಳಲ್ಲಿ ಹಿಡಿಯುವಷ್ಟು ಸಣ್ಣ ಚೀಲ. ಜೊತೆಗೊಂದು ಕಾಗದ: ಈ ಬೇಸಿಗೆ ಬಳಸಿ ನೋಡಿ, ಕ್ಯಾನ್ವಾಸ್ ಉತ್ತಮವೋ ನೈಲಾನ್ ಉತ್ತಮವೋ ತಿಳಿಸತಕ್ಕದ್ದು, ನಿಮ್ಮ ವರದಿಯಂತೆ ಮುಂದೆ ಎಲ್ಲ ಸರ್ವೆ ತಂಡಗಳಿಗೂ ಒಂದೇ ತರಹದ ಡೇರೆ. ಇಷ್ಟು ವರ್ಷದ ನೌಕರಿಯಲ್ಲಿ ನನ್ನ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ, ಮನೆಯಲ್ಲೂ ಕೇಳಿರಲಿಲ್ಲ. ಯಡ್ರಾಮಿ ದಾರಿಯ ಕ್ಯಾಂಪಿನಲ್ಲಿ ಆ ಡೇರೆಯನ್ನು ಹತ್ತೇ ನಿಮಿಷದಲ್ಲಿ ನಾನೇ ನಿಲ್ಲಿಸಿ, ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತೆ.

ಮಸ್ತಾನಸಾಬ ಸುತ್ತ ಒಂದು ಸಲ ತಿರುಗಿ ನೋಡಿದ. “ಛಲೋ ಅದರಿ ಸಾಹೇಬ್ರ. ಬಣ್ಣ ಭಾಳ ಚಂದ ಅದ. ಆದ್ರ ಬ್ಯಾಸಿಗ್ಯಾಗ ಕಾಯ್ತದೇನೋ ಅನಸ್ತದ್ರಿ. ಗೂಟಾನೂ ಸಣ್ಣವು ಅದಾವ.”

“ನಿನಗೇನ್ ತಿಳೀತದ? ಇದು ಹೊಸಾ ಕಾಲದ್ದು!” ಎಂದು ರೇಗಿದೆ.

“ಹೌದ್ರಿ ಸಾಹೇಬ್ರ,” ಎಂದ. ಆ ‘ಹೌದ್ರಿ’ ಇದೆಯಲ್ಲ, ಅದರಷ್ಟು ಸಿಟ್ಟು ಬರಿಸುವ ಮಾತು ಕನ್ನಡದಲ್ಲಿ ಇನ್ನೊಂದಿಲ್ಲ. ಎದುರು ವಾದಿಸಿದ್ದರೆ ನಾನು ಗೆಲ್ಲುತ್ತಿದ್ದೆ.

ಹನ್ನೊಂದು ಗಂಟೆಗೆ ಡೇರೆಯೊಳಗೆ ರೊಟ್ಟಿ ಬೇಯಿಸಬಹುದಿತ್ತು. ಹನ್ನೆರಡಕ್ಕೆ ನಾನೇ ಬೆಂದಿದ್ದೆ. ಸೋತು ಹೊರಗೆ ಬರಲು ಮಾನ ಬಿಡಲಿಲ್ಲ. ಕೊನೆಗೊಂದು ಉಪಾಯ ಹೊಳೆಯಿತು: ಮಸ್ತಾನಸಾಬ ಮಾಡಿದ್ದನ್ನೇ ಮಾಡಿದರಾಯಿತು. ನಾನೇ ಕೊಡ ಎತ್ತಿ ನೀಲಿ ಡೇರೆಯ ಮೇಲೆ ನೀರು ಸುರಿದೆ. ಒಂದಲ್ಲ, ಆರು ಕೊಡ. ನೈಲಾನು ಒಂದು ಹನಿಯನ್ನೂ ಕುಡಿಯಲಿಲ್ಲ. ನೀರೆಲ್ಲ ಜಾರಿ ಗೂಟಗಳ ಬುಡಕ್ಕೆ ಇಳಿಯಿತು, ಅಲ್ಲಿಂದ ಒಳಗೆ ನುಗ್ಗಿತು. ಎರೆಮಣ್ಣಿಗೆ ನೀರು ಬಿದ್ದರೆ ಅಂಟು ಕೆಸರಾಗುತ್ತದೆಂದು ಈ ಕಡೆಯ ಎಮ್ಮೆಗಳಿಗೂ ಗೊತ್ತು. ನಕಾಶೆಗಳನ್ನು ಉಳಿಸಲು ಒಳಗೆ ಓಡಿದೆ; ಒಂದು ಚಪ್ಪಲಿ ಅಲ್ಲೇ ಕಚ್ಚಿಕೊಂಡಿತು. ಅಷ್ಟರಲ್ಲಿ ಗೂಟಗಳು ಒಂದೊಂದಾಗಿ ಕಿತ್ತುಬಂದು ಇಡೀ ಡೇರೆ ನನ್ನ ಮೇಲೆ ಮಲಗಿತು.

ಖಲಾಸಿಗಳು ನನ್ನನ್ನು ಎಳೆದು ತೆಗೆದರು. ಯಾರಾದರೂ ನಕ್ಕಿದ್ದರೆ ಬೈದು ಹಗುರಾಗುತ್ತಿದ್ದೆ. ಯಾರೂ ನಗಲಿಲ್ಲ. ಮಸ್ತಾನಸಾಬ ನನ್ನ ಬೆನ್ನಿನ ಮಣ್ಣು ಒರೆಸಿ, “ಬರ್ರಿ ಸಾಹೇಬ್ರ, ನಮ್ ಡೇರಾದಾಗ ಕೂಡ್ರಿ. ಚಾ ಮಾಡಾಕತ್ತೇನಿ,” ಎಂದ. ನಾನು ಹಲ್ಲು ಕಚ್ಚಿಕೊಂಡು ಹೋದೆ. ಒಳಗೆ ತಂಪಾಗಿತ್ತು. ಆ ತಂಪಿನ ಮೇಲೂ ನನಗೆ ಸಿಟ್ಟು ಬಂತು.

ಅಲ್ಲೇ ಕೂತು, ಅವನ ಕ್ಯಾನ್ವಾಸಿನ ನೆರಳಲ್ಲಿ, ಅವನ ಚಹಾ ಕುಡಿಯುತ್ತ ವರದಿ ಬರೆದೆ: ‘ನೈಲಾನ್ ಡೇರೆಯು ಹಗುರವಾಗಿದ್ದು, ಈ ಪ್ರದೇಶದ ಹವಾಮಾನಕ್ಕೆ ಎಲ್ಲ ರೀತಿಯಿಂದಲೂ ಅನುಕೂಲಕರವಾಗಿದೆ.’

“ಏನ್ ಬರದ್ರಿ ಸಾಹೇಬ್ರ? ನಮ್ ಡೇರಾ ಉಳೀತಾವೇನ್ರಿ?” ಎಂದು ಕೇಳಿದ. ಮೊದಲ ಸಲ ಅವನ ದನಿ ಸಣ್ಣಗಾಗಿತ್ತು. ಆ ಡೇರೆಗಳಲ್ಲಿ ಅವನು ಹಾಕದ ತೇಪೆಯಿರಲಿಲ್ಲ. ಆಗಲೂ ಹಾಳೆ ಹರಿಯಬಹುದಿತ್ತು. “ಸರ್ಕಾರದ ಕಾಗದ, ನಿನಗ್ಯಾಕ?” ಎಂದು ಲಕೋಟೆ ಅಂಟಿಸಿ, ಜೇವರ್ಗಿಯ ಅಂಚೆಗೆ ಹಾಕಲು ಅವನ ಕೈಗೇ ಕೊಟ್ಟೆ. ಒಯ್ದು ಹಾಕಿಬಂದ.

ಮರುವರ್ಷ ಕ್ಯಾನ್ವಾಸ್ ಡೇರೆಗಳೆಲ್ಲ ಹರಾಜಾದವು. ಬೇಸಿಗೆಗೆ ಎಲ್ಲ ತಂಡಗಳೂ ಅಫಜಲಪುರ ತಾಲೂಕಿನ ಗೊಬ್ಬೂರಿನ ಬಳಿ ಸೇರಿದೆವು. ಬಟಾಬಯಲಲ್ಲಿ ಸಾಲಾಗಿ ನೀಲಿ ಡೇರೆಗಳು. ಮಧ್ಯಾಹ್ನವಾಗುತ್ತಲೇ ಓವರ್‌ಸೀಯರುಗಳೆಲ್ಲ ಬನಿಯನ್ ಹಿಂಡುತ್ತ ಒಂದು ಬೇವಿನ ಗಿಡದ ಕೆಳಗೆ ಕೂಡಿದೆವು. “ಇವು ಛಲೋ ಅದಾವಂತ ಬರದಾವ ಯಾವನ್ರೀ? ಅವನ್ನ ತಂದು ಇದರಾಗ ಕೂಡಿಸ್ಬೇಕು!” ಎಂದು ಒಬ್ಬರು ಶುರು ಮಾಡಿದರು. ನಾನೂ ಬೈದೆ. ಅನುಮಾನ ಬರಬಾರದಲ್ಲ, ಎಲ್ಲರಿಗಿಂತ ಜೋರಾಗಿ ಬೈದೆ. ಬೈಯುತ್ತ ಬೈಯುತ್ತ ನಿಜವಾಗಿಯೂ ಸಿಟ್ಟು ನೆತ್ತಿಗೇರಿ, ಆ ಅಯೋಗ್ಯನ ವಂಶವನ್ನೆಲ್ಲ ಜಾಲಾಡಿದೆ.

ಮಸ್ತಾನಸಾಬ ತಂಬಿಗೆಯಲ್ಲಿ ನೀರು ತಂದು ನನ್ನ ಮುಂದೆ ಹಿಡಿದ. “ಸಾಕ್ರಿ ಸಾಹೇಬ್ರ, ಅಷ್ಟು ಬೈಬ್ಯಾಡ್ರಿ,” ಎಂದ ಮೆಲ್ಲಗೆ. “ಪಾಪ, ಆ ಮನಷಾಗೂ ಹೆಂಡ್ರು ಮಕ್ಕಳು ಇರ್ತಾರ.”

ನೀರು ಕುಡಿದೆ. ಅವನ ಮೇಲೆ ಆ ದಿನ ಬಂದ ಸಿಟ್ಟು ಇನ್ನೂ ಇಳಿದಿಲ್ಲ.