ಸ್ಟೀರಿಂಗ್ ಪಂಪ್ ಅವರ ಸನ್ನಿಧಿಗೆ

ಕೋಟೆ, ಶಿವಮೊಗ್ಗ
ಕಾರ್ತಿಕ ಮಾಸ, ೧೯೬೪

ಮಾನ್ಯರೇ,

'ಹಗುರಾದದ್ದಕ್ಕೆ ದಾರಿ ತಾನೇ ತೆರೆದುಕೊಳ್ಳುತ್ತದೆ' ಎಂಬ ಸಾಲೊಂದನ್ನು ಎಂ.ಎ. ಓದುವ ಕಾಲದಲ್ಲಿ ಎಲ್ಲಿಯೋ ಕಂಡ ನೆನಪು. ಬರೆದವರು ಯಾರೋ, ಮುಂದಿನ ಸಾಲು ಏನಿತ್ತೋ ತಿಳಿಯದು. ಅಂದು ಅದು ದೊಡ್ಡ ಮಾತಾಗಿ ತೋರಿತ್ತು. ಎರಡು ಟನ್ ತೂಕದ ಅಮೆರಿಕನ್ ಕಾರಿನ ಮುಂದೆ ನಿಂತಿರುವ ಇಂದು, ಆ ಕವಿಗಳು ಎಂದಾದರೂ ಕೋಟೆಯ ಬೀದಿಯಲ್ಲಿ ಕಾರು ತಿರುಗಿಸಿದ್ದರೇ ಎಂದು ಕೇಳಬೇಕೆನಿಸುತ್ತದೆ.

ಅದಿರಲಿ. ಮುಂಬಯಿಯಿಂದ ರೈಲಿನಲ್ಲಿ, ಒಣಹುಲ್ಲು ತುಂಬಿದ ಮರದ ಪೆಟ್ಟಿಗೆಯಲ್ಲಿ ದಯಮಾಡಿಸಿ ನಮ್ಮ ಕಾರಿನಲ್ಲಿ ಅಧಿಕಾರ ವಹಿಸಿಕೊಂಡ ತಮಗೆ ನನ್ನ ಅನಂತ ನಮಸ್ಕಾರಗಳು. ತಮ್ಮ ಹುದ್ದೆ ಏನೆಂದು ಅರಿಯದ ಓದುಗರಿಗಾಗಿ ಹೇಳುವುದಾದರೆ, ಎಂಜಿನ್ನಿನ ಮಗ್ಗುಲಲ್ಲಿ ಕುಳಿತು, ಎಣ್ಣೆಯನ್ನು ಕೊಳವೆಗಳಲ್ಲಿ ಒತ್ತಿ ಹರಿಸಿ, ಸ್ಟೀರಿಂಗ್ ಚಕ್ರವನ್ನು ಹಗುರ ಮಾಡಿಕೊಡುವವರು ತಾವು. ತಾವು ಕೆಲಸದಲ್ಲಿದ್ದರೆ ನನ್ನಂಥ ನಲವತ್ತೆಂಟರ ಹೆಂಗಸು ಒಂದೇ ಕೈಯಲ್ಲಿ ಕಾರು ತಿರುಗಿಸಬಹುದು. ರಜೆಯಲ್ಲಿದ್ದರೆ ಇಬ್ಬರು ಗಂಡಸರು ಜೋತುಬಿದ್ದರೂ ಅದು ಹೋದ ದಿಕ್ಕಿಗೇ ಹೋಗುತ್ತದೆ.

ಭದ್ರಾವತಿಯಲ್ಲಿ ಕೆಲಸಕ್ಕಿದ್ದ ಹೊರದೇಶದ ಎಂಜಿನಿಯರೊಬ್ಬರು ಊರಿಗೆ ಮರಳುವಾಗ ಈ ಕಾರನ್ನು ನಮ್ಮ ಯಜಮಾನರಾದ ವಕೀಲ ಚಂದ್ರಶೇಖರಪ್ಪನವರಿಗೆ ಮಾರಿಹೋದರು. ಕೊಂಡವರು ಅವರು, ಓಡಿಸಲು ಕಲಿತವಳು ನಾನು. ಶನಿವಾರಗಳಂದು ಭದ್ರಾವತಿಯ ಹೊಸ ಊರಿನಲ್ಲಿ ನಾವು ಕೆಲವು ಹೆಂಗಸರು ಸೇರಿ ಕವಿತೆ ಓದುತ್ತೇವೆ. ಯಾರ ಪುರುಸೊತ್ತಿಗೂ ಕಾಯದೆ ನಾನೇ ಕಾರು ತೆಗೆದುಕೊಂಡು ಹೋಗಿಬರುವ ಆ ಮಧ್ಯಾಹ್ನವೊಂದೇ ವಾರದಲ್ಲಿ ನನ್ನದೆನ್ನಬಹುದಾದದ್ದು.

ತಮ್ಮ ಪೂರ್ವಾಧಿಕಾರಿಗಳು ಶ್ರಾವಣದಲ್ಲಿ ನರಳತೊಡಗಿದರು. ಮಂಡಿನೋವಿನ ನರಳಾಟವನ್ನು ಚೆನ್ನಾಗಿ ಬಲ್ಲ ನಮ್ಮ ಅತ್ತೆ ಮಹಾಂತಮ್ಮನವರು, ಮನೆಮಂದಿ ಇಲ್ಲದ ಹೊತ್ತು ನೋಡಿ ಅವರಿಗೆ ಹರಳೆಣ್ಣೆ ಹೊಯ್ದರು. ನರಳಾಟ ನಿಂತಿತು; ಅವರ ಸೇವೆಯೂ ನಿಂತಿತು. ಯಜಮಾನರು ತಿರುಗಿಸಿ ತೋರಿಸುವುದಾಗಿ ಹತ್ತಿ ಕುಳಿತು, ಎರಡು ಕೈಗಳಿಂದಲೂ ಆಗದೆ, ಬೆವರೊರೆಸಿಕೊಂಡು ಇಳಿದು, ಇದು ಹೆಂಗಸರು ಓಡಿಸುವ ಗಾಡಿಯಲ್ಲವೆಂದು ತೀರ್ಪು ಕೊಟ್ಟರು. ಅಕ್ಕಿ ಗಿರಣಿಯ ಕೊಟ್ರಬಸಪ್ಪನವರಿಗೆ ಅದರ ಎಂಜಿನ್ ಬೇಕಾಗಿತ್ತು. ಅವರು ನೋಡಲು ಬರುವ ಭಾನುವಾರದೊಳಗೆ ನನ್ನ ಕೈಯಲ್ಲಿ ಚಕ್ರ ತಿರುಗಿದರೆ ಕಾರು ಉಳಿಯಲಿ, ಇಲ್ಲದಿದ್ದರೆ ಭತ್ತ ಕುಟ್ಟಲು ಹೋಗಲಿ ಎಂದು ಮನೆಯಲ್ಲಿ ಒಪ್ಪಂದವಾಯಿತು.

ನಾನು ಮುಂಬಯಿಗೆ ಬರೆದು ತಮ್ಮನ್ನು ಕರೆಸಿಕೊಂಡೆ. ಊರಿನ ರಿಪೇರಿಯವರು ಇಂಥ ಅಂಗವನ್ನೇ ಕಂಡಿಲ್ಲವೆಂದು ಕೈಮುಗಿದದ್ದರಿಂದ, ಭದ್ರಾವತಿಯಿಂದ ನನ್ನ ಮೈದುನ ಓಂಕಾರಪ್ಪ ಸ್ಪ್ಯಾನರುಗಳ ಚೀಲ ಹೊತ್ತು ಬಂದ. ನಾನು ಇಂಗ್ಲಿಷ್ ಕೈಪಿಡಿಯನ್ನು ಓದಿ ಕನ್ನಡದಲ್ಲಿ ಹೇಳುವುದು, ಅವನು ಅದು ತಪ್ಪೆಂದು ವಾದಿಸುವುದು, ಕೊನೆಗೆ ಹಾಗೆಯೇ ಮಾಡುವುದು, ಹೀಗೆ ನಮ್ಮ ಅಂಗಳದಲ್ಲಿ ಕೆಲಸ ಸಾಗಿತು. ಬೆಲ್ಟು ಕಳಚಿ, ಹಳಬರನ್ನು ಇಳಿಸಿ, ತಮ್ಮನ್ನು ಕೂರಿಸಿದೆವು. ಹರಳೆಣ್ಣೆ ಕೆಳಗಿನ ಸಿಲಿಂಡರಿನವರೆಗೂ ಇಳಿದಿದ್ದರಿಂದ ಅಲ್ಲಿನ ಎರಡು ಕೊಳವೆಗಳನ್ನೂ ಬಿಚ್ಚಿ ತೊಳೆಯಬೇಕಾಯಿತು. ಒಂದು ಚಕ್ರಗಳನ್ನು ಎಡಕ್ಕೆ ತಳ್ಳುವಂಥದು, ಇನ್ನೊಂದು ಬಲಕ್ಕೆ. ನೋಡಲು ಮಾತ್ರ ಅವಳಿಜವಳಿ. ಗುರುತು ತಪ್ಪದಿರಲೆಂದು ಎಡದ್ದಕ್ಕೆ ಮೂರು ಬೆರಳಿನಿಂದ ವಿಭೂತಿ ಎಳೆದು ನಾವು ಊಟಕ್ಕೆ ಎದ್ದೆವು.

ವಿಭೂತಿ ಧರಿಸದೆ ಯಾರೂ ತಟ್ಟೆಯ ಮುಂದೆ ಕೂರದ ಮನೆ ನಮ್ಮದು. ನಾವು ಮರಳಿ ಬರುವಷ್ಟರಲ್ಲಿ ಎರಡು ಕೊಳವೆಗಳೂ ವಿಭೂತಿ ಧರಿಸಿ ಶಾಂತವಾಗಿ ಮಲಗಿದ್ದವು. ಯಾರನ್ನು ಕೇಳಬೇಕೆಂಬ ಸಂಶಯವೇ ನಮಗಿರಲಿಲ್ಲ. ಅತ್ತೆಯವರು ಹೂಬತ್ತಿ ಹೊಸೆಯುತ್ತಲೇ ಹೇಳಿದರು: "ಒಂದಕ್ಕೆ ಹಚ್ಚಿ ಇನ್ನೊಂದನ್ನ ಬರೀ ಹಣೇಲಿ ಬಿಟ್ಟಿದ್ರಲ್ಲ, ಅದೇನು ಪಾಪ ಮಾಡಿತ್ತೇ ಜಗದಾಂಬಾ?"

ಓಂಕಾರಪ್ಪ ತನಗೆ ಗುರುತು ನೆನಪಿದೆಯೆಂದು ಆಣೆಯಿಟ್ಟು ಜೋಡಿಸಿದ.

ಭಾನುವಾರ ಕೊಟ್ರಬಸಪ್ಪನವರು ಬಂದರು, ಬೀದಿಯೂ ಬಂದಿತು. ಕೊಳ್ಳುವವರೇ ಮೊದಲು ನೋಡಬೇಕೆಂದು ಹತ್ತಿ ಕುಳಿತು ಎಂಜಿನ್ ಎಬ್ಬಿಸಿದರು. ಆಗ ತಾವು ತೋರಿದ ಕರ್ತವ್ಯನಿಷ್ಠೆಯನ್ನು ಯಾವ ಮಾತಿನಿಂದ ಹೊಗಳಲಿ? ಚಕ್ರ ತನ್ನಷ್ಟಕ್ಕೆ ತಾನೇ ಸರ್ರನೆ ಎಡಕ್ಕೆ ಸುತ್ತಿತು. ಅವರು ಬಲಕ್ಕೆ ಎಳೆದಷ್ಟೂ ತಾವು ಎಡಕ್ಕೆ ಒತ್ತಿ, ಅವರ ಎರಡು ಕೈಗಳನ್ನೂ ಒದರಿ ಹಾಕಿದಿರಿ. ಯಾರು ತಿರುಗಿಸುತ್ತಿರುವುದೆಂದು ಅವರು ಕೇಳಿದ್ದಕ್ಕೆ ನಮ್ಮ ವಕೀಲರು ಎರಡು ಹೆಜ್ಜೆ ಹಿಂದೆ ಸರಿದರು. ಕೊಳವೆಗಳು ಅದಲುಬದಲಾಗಿವೆಯೆಂದು ನನಗೆ ಹೊಳೆದು, ಬಗ್ಗಿ ಒಳಗೆ ಕೈ ಹಾಕಿ ಕೀಲಿ ತಿರುಗಿಸಿದೆ. ಎಂಜಿನ್ ನಿಂತಿತು, ಚಕ್ರವೂ ನಿಂತಿತು. ನೋಡಿದವರಿಗೆ ಕೀಲಿ ಕಾಣಲಿಲ್ಲ, ನನ್ನ ಕೈ ಮಾತ್ರ ಕಂಡಿತು.

ಕೊಟ್ರಬಸಪ್ಪನವರು ಇಳಿದು, ಚಪ್ಪಲಿ ಹುಡುಕಿಕೊಳ್ಳುತ್ತಾ ಹೇಳಿದರು: "ವಕೀಲ್ರೇ, ಇದು ಅಮ್ಮಾವ್ರ ಕೈಗೆ ಬಿಟ್ಟು ಯಾರ ಕೈಗೂ ಬಗ್ಗಲ್ಲ. ನನಗೆ ಬ್ಯಾಡ, ನೀವೂ ಮುಟ್ಟಬ್ಯಾಡಿ."

ಸಂಜೆಯೇ ಕೊಳವೆಗಳನ್ನು ಸರಿಪಡಿಸಿದೆವು. ಒಂದು ಬೆರಳಿನಲ್ಲಿ ಕಾರು ತಿರುಗಿಸಿ ಬೀದಿ ಸುತ್ತಿ ಬಂದೆ. ಯಜಮಾನರು ಮೇಲ್ಮನವಿ ಸಲ್ಲಿಸಲಿಲ್ಲ.

ಹಾಗಿದ್ದರೆ ದೂರು ಏನೆಂದು ತಾವು ಕೇಳಬಹುದು. ಉಗುರಿನಡಿ ಇನ್ನೂ ಮಸಿಯಿರುವ ನನ್ನ ದುಡಿಮೆಯಿಂದ ಉಳಿಯಬೇಕಾಗಿದ್ದ ಕಾರು, ತಮ್ಮ ಅರ್ಧ ನಿಮಿಷದ ಪವಾಡದಿಂದ ಉಳಿಯಿತಲ್ಲ, ಅದೇ ನನ್ನ ದೂರು. ಬೆಲ್ಟಿನ ವಿಷಯ, ಕೈಪಿಡಿಯ ವಿಷಯ ಈಗ ಒಬ್ಬರೂ ಕೇಳುವುದಿಲ್ಲ. ಬಾನೆಟ್ಟಿನ ಮೇಲೆ ನಿಂಬೆಹಣ್ಣು ಇಟ್ಟು ಹೋಗುತ್ತಾರೆ. ಆದ್ದರಿಂದ ತಾವು ದಯವಿಟ್ಟು ಸಂಜೆಯ ಹೊತ್ತು ಬೀದಿಗಿಳಿದು, ಮನೆಮನೆಗೂ ಹೋಗಿ, ತಾವು ಕಬ್ಬಿಣದವರೆಂದೂ ತಮ್ಮನ್ನು ಕೂರಿಸಿದವಳು ನಾನೆಂದೂ ಖುದ್ದಾಗಿ ತಿಳಿಸಬೇಕು. ಬರುವಾಗ ನಮ್ಮ ಯಜಮಾನರ ಅಭಿಪ್ರಾಯಗಳು ಬಿಗಿದುಕೊಂಡಿರುವ ಜಾಗಕ್ಕೂ ಸ್ವಲ್ಪ ಎಣ್ಣೆ ಒತ್ತಿ ಕೊಟ್ಟರೆ ಚಿರಋಣಿ.

ತಮ್ಮ ಒತ್ತಡದಲ್ಲೇ ಸದಾ ಹಗುರಾಗಿರುವ
ತಮ್ಮ ವಿಶ್ವಾಸಿ,
ಜಗದಾಂಬಾ

ತಾ.ಕ.: ತಾವು ಮನೆಮನೆಗೆ ಹೋಗುವಾಗ ಎದುರು ಮನೆಯನ್ನು ಬಿಟ್ಟುಬಿಡಬಹುದು. ಈ ಕಾಗದ ಮಡಿಸುತ್ತಿದ್ದಾಗ ಆ ಮನೆಯ ಹೂವಮ್ಮನವರೇ ಬಾಗಿಲಿಗೆ ಬಂದಿದ್ದರು. ಕೊಳವೆ ಅದಲುಬದಲಾದ ಸಂಗತಿಯನ್ನು ನಾನು ಮೊದಲಿಂದ ಕಡೆಯವರೆಗೆ ವಿವರಿಸಿದೆ. ಅವರು ತಾಳ್ಮೆಯಿಂದ ಪೂರ್ತಿ ಕೇಳಿಸಿಕೊಂಡು, ಒಮ್ಮೆ ಹಿಂದೆ ತಿರುಗಿ ನೋಡಿ, ದನಿ ತಗ್ಗಿಸಿ ಹೇಳಿದರು: "ಅದೆಲ್ಲ ಸರಿ ಅಕ್ಕಾವ್ರೇ. ನಮ್ಮನೆಯವರನ್ನೂ ಒಂದೆರಡು ದಿನ ನಿಮ್ಮ ಅಂಗಳದಲ್ಲಿ ನಿಲ್ಲಿಸ್ಲಾ?"