ಪೆಟ್ಟಿಗೆ ಬಡಗಿಯ ಮನೆಯ ಜಪಸರ

ಮಗಳನ್ನು ಶನಿವಾರದ ಜ್ಞಾನೋಪದೇಶದ ತರಗತಿಗೆ ಬಿಟ್ಟು, ಇಗರ್ಜಿಯ ಬಾಗಿಲಿಂದಲೇ ಜಾರಿಕೊಳ್ಳುತ್ತಿದ್ದ ಬಡಗಿಯನ್ನು ಫಾದರ್ ತಡೆದು ನಿಲ್ಲಿಸಿದರು.

"ಮನೇಲಿ ಸಂಜೆ ಜಪಸರ ಹಿಡಿದು ಪ್ರಾರ್ಥನೆ ನಡೀತಿದೆಯೇನಪ್ಪಾ?"

"ದಿನಾ ನಡೀತಿದೆ ಫಾದರ್!" ಎಂದುಬಿಟ್ಟ. ನಾಲಿಗೆಗೆ ಮೂಳೆ ಇಲ್ಲ ನೋಡಿ.

"ಸಂತೋಷ. ಇವತ್ತು ನಾನೂ ಬಂದು ಕೂತ್ಕೋತೀನಿ. ಜಪ ಇಲ್ಲದ ಮನೆ ಮಕ್ಕಳನ್ನ ನಾನು ಪರಮಪ್ರಸಾದ ಕೊಡದೆ ಒಂದು ವರ್ಷ ನಿಲ್ಲಿಸ್ತೀನಿ, ಗೊತ್ತಲ್ಲ?"

ಮಾರನೆಯ ದಿನವೇ ಬಡಗಿಯ ಮಗಳು ಮೊದಲ ಸಲ ಪರಮಪ್ರಸಾದ ತೆಗೆದುಕೊಳ್ಳಬೇಕಿತ್ತು. "ಮಗೂಗೆ ಪರಮಪ್ರಸಾದ ಕೊಡಿಸ್ರೀ, ತಡ ಮಾಡ್ಬೇಡಿ" ಎಂದು ಹೇಳಿಯೇ ಹೆಂಡತಿ ಕಣ್ಣು ಮುಚ್ಚಿದ್ದಳು. ಅವನು ಮಾಡುವುದು ಶವಪೆಟ್ಟಿಗೆಯ ಕೆಲಸ. ಅವಳ ಪೆಟ್ಟಿಗೆಯನ್ನೂ ಅವನೇ ಮಾಡಿದ. ಆ ಮುಚ್ಚಳಕ್ಕೆ ಮೊಳೆ ಹೊಡೆದ ದಿನದಿಂದ ದೇವರ ಜೊತೆ ಮಾತು ಬಿಟ್ಟಿದ್ದ. ಬಾಯಿಗೆ ಬರುತ್ತಿದ್ದ ಪ್ರಾರ್ಥನೆಗಳೂ ಒಂದೊಂದಾಗಿ ಮರೆತುಹೋಗಿದ್ದವು.

ಅಂಗಡಿಗೆ ಬಂದು ಪಾಲಿಶ್ ಹಚ್ಚುವವನ ಮುಂದೆ ಗೋಳು ತೋಡಿಕೊಂಡ.

"ಅಷ್ಟೇನಾ? ನಂಗೆಲ್ಲಾ ಬಾಯಿಪಾಠ. ನಾನು ಹೇಳ್ತೀನಿ, ನೀನು ಹಿಂದೆ ಹೇಳು" ಎಂದ ಅವನು.

ಪಾಲಿಶಿನವನು ಜಪ ಕಲಿತದ್ದೆಲ್ಲ ಪೆಟ್ಟಿಗೆ ಇಳಿಸಲು ಹೋದ ಸಾವಿನ ಮನೆಗಳಲ್ಲಿ. ಅದು ಸತ್ತವರಿಗಾಗಿ ಹೇಳುವ ಜಪ ಎಂಬುದು ಬಡಗಿಗೆ ಹೊಳೆಯಲಿಲ್ಲ. ಉಜ್ಜುಗೊರಡು ತಳ್ಳುತ್ತಾ ಜೋರಾಗಿ ಹೇಳತೊಡಗಿದ. ಅಷ್ಟರಲ್ಲಿ ತನ್ನ ಅಪ್ಪನ ಪೆಟ್ಟಿಗೆ ಒಯ್ಯಲು ಬಂದ ಗಿರಾಕಿ ಬಾಗಿಲಲ್ಲೇ ಬಿಕ್ಕಿ ಬಿಕ್ಕಿ ಅಳತೊಡಗಿದ.

"ನಮ್ಮಪ್ಪಂಗೆ ಹೆತ್ತ ಮಕ್ಕಳೇ ಇಷ್ಟು ಪ್ರಾರ್ಥನೆ ಮಾಡ್ಲಿಲ್ಲ ಸ್ವಾಮಿ! ನೀವೇ ಬಂದು ಜಪ ನಡೆಸ್ಬೇಕು."

ಬೇಡವೆಂದರೂ ಬಿಡದೆ ಪೆಟ್ಟಿಗೆಯ ಜೊತೆ ಬಡಗಿಯನ್ನೂ ಗಾಡಿಗೆ ಹತ್ತಿಸಿದ. ಪರಿಚಯವೇ ಇಲ್ಲದವನ ಹೆಣದ ಪಕ್ಕ ಮಂಡಿಯೂರಿ, ನೆಂಟರೆಲ್ಲ ಬಂದು ಮುಗಿಯುವವರೆಗೆ ಬಡಗಿ ಜಪ ನಡೆಸಿದ. ಮನೆ ಸೇರುವಾಗ ಗಂಟಲು ಒಣಗಿತ್ತು, ಪಾಠ ಮಾತ್ರ ಗಟ್ಟಿಯಾಗಿತ್ತು.

ಸುದ್ದಿ ತಿಳಿದ ಎದುರುಮನೆ ದೊಡ್ಡಮ್ಮ ಆಗಲೇ ಬಂದು ಶಿಲುಬೆಯ ಧೂಳು ಹೊಡೆದು, ಚಾಪೆ ಹಾಸಿ, ಬಡಗಿಯ ಮಗಳಿಗೆ ಬುದ್ಧಿ ಹೇಳುತ್ತಿದ್ದರು: "ಫಾದರ್ ಕೇಳಿದ್ರೆ ದಿನಾ ಮಾಡ್ತೀವಿ ಅನ್ನು ಕಣೇ."

ಫಾದರ್ ಬಂದು ಮಂಡಿಯೂರಿದರು. ಬಡಗಿ ಶುರುಮಾಡಿದ. ಹತ್ತು ನಮೋ ಮರಿಯಾ ಪ್ರಾರ್ಥನೆಗಳು ನೀರು ಕುಡಿದಷ್ಟು ಸಲೀಸಾಗಿ ಮುಗಿದವು. ಬಡಗಿಗೆ ಹುರುಪು ಬಂತು.

"ನಮ್ಮ ಫಾದರಿಗೆ ನಿತ್ಯ ವಿಶ್ರಾಂತಿಯನ್ನು ದಯಪಾಲಿಸಿ ಸ್ವಾಮಿ!"

ಫಾದರ್ ಒಂದು ಕಣ್ಣು ತೆರೆದರು. ಬಡಗಿಗೆ ಅದು ಕಾಣಲಿಲ್ಲ. ಇನ್ನೂ ಹತ್ತು ಮುಗಿಸಿ ದೊಡ್ಡಮ್ಮನ ಕಡೆ ಕೈ ಚಾಚಿದ. "ನಮ್ಮ ದೊಡ್ಡಮ್ಮನಿಗೂ ನಿತ್ಯ ವಿಶ್ರಾಂತಿಯನ್ನು..."

"ಅಯ್ಯೋ, ನಾನಿನ್ನೂ ಇದ್ದೀನಲ್ಲೋ!" ದೊಡ್ಡಮ್ಮ ಕಿರುಚಿದರು.

ಜಪ ಅಲ್ಲಿಗೇ ನಿಂತಿತು. ಫಾದರ್ ಮಗಳ ಕಡೆ ತಿರುಗಿದರು. "ನೀನು ಹೇಳಮ್ಮ. ಈ ಜಪ ದಿನಾ ನಡೆಯುತ್ತಾ?"

ದೊಡ್ಡಮ್ಮ ಕಣ್ಸನ್ನೆ ಮಾಡಿದರು.

"ಇಲ್ಲ ಫಾದರ್. ಅಪ್ಪ ಇವತ್ತೇ ಮೊದಲು ಮಾಡಿದ್ದು. ನಾನು ದಿನಾ ಮಾಡ್ತೀನಿ, ಹೊದಿಕೆ ಒಳಗೆ. ಅಪ್ಪಂಗೆ ಕೇಳಿಸಿದ್ರೆ ಅಮ್ಮ ನೆನಪಾಗಿ ಅಳ್ತಾನೆ, ಅದಕ್ಕೇ ಬಾಯೊಳಗೇ ಹೇಳ್ಕೋತೀನಿ."

ಬಡಗಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ದಿನಾ ಪಕ್ಕದಲ್ಲೇ ಮಲಗುವ ಮಗು ತನಗಾಗಿ ಇಷ್ಟು ದಿನ ದನಿ ಅಡಗಿಸಿಕೊಂಡಿತ್ತು.

"ಮಗು ನಾಳೆ ಪರಮಪ್ರಸಾದ ತಗೊಳ್ಳಲಿ. ಈ ವರ್ಷ ನಿಲ್ಲಿಸೋದು ನಿನ್ನನ್ನ" ಎಂದರು ಫಾದರ್. "ಮುಂದಿನ ಶನಿವಾರದಿಂದ ತರಗತಿಗೆ ಬಾ. ಚಿಕ್ಕ ಮಕ್ಕಳ ಬೆಂಚಲ್ಲಿ ಕೂತ್ಕೋ."

"ಫಾದರ್, ಆ ಬೆಂಚು ನಾನೇ ಮಾಡಿದ್ದು. ನನ್ನ ಭಾರ ತಡೆಯಲ್ಲ."

"ಹಾಗಾದ್ರೆ ಮೊದಲು ಬೆಂಚು ರಿಪೇರಿ ಮಾಡು."

ಫಾದರ್ ಹೊರಟರು. ದೊಡ್ಡಮ್ಮನೂ ಗೊಣಗುತ್ತಾ ಮನೆಗೆ ನಡೆದರು. ಬಡಗಿ ಮರಗಟ್ಟಿದ ಕಾಲು ನೀಡಿ ಏಳಲು ಹೋದ.

"ಎಲ್ಲಿಗಪ್ಪಾ?" ಮಗಳು ತಡೆದಳು. "ಮಂಡಿಯೂರು. ಮೊದಲಿಂದ ಹೇಳು."

"ಇನ್ನೂ ಯಾರಿಗೆ ಮಗಾ?"

"ಸತ್ತೋರಿಗೆಲ್ಲಾ ಮಾಡಿ ಆಯ್ತಲ್ಲ. ಈಗ ನಮ್ಮಿಬ್ಬರಿಗೆ."

"ನಮೋ ಮರಿಯಾ..." ಎಂದು ಬಾಯಿ ತೆರೆದ ಬಡಗಿ. ಅವನಿಗೆ ಹೆಂಡತಿ ನೆನಪಾದಳು; ಬೆಳಗಿಂದ ಕಲಿತದ್ದರಲ್ಲಿ ಮುಂದಿನ ಒಂದಕ್ಷರವೂ ನೆನಪಾಗಲಿಲ್ಲ.