ಹೊಳಿಯಪ್ಪನ ಇಪ್ಪತ್ತೆಂಟು ನಿಮಿಷ

ಮದುಮಗಳ ಬಾಸಿಂಗ ರಾಣೇಬೆನ್ನೂರಿನ ಮನೆಯ ದೇವರ ಜಗಲಿ ಮೇಲೆಯೇ ಉಳಿದಿದೆ ಎಂದು ಗೊತ್ತಾದಾಗ ಹೆಣ್ಣಿನವರು ಬ್ಯಾಡಗಿಯ ಕಲ್ಯಾಣಮಂಟಪಕ್ಕೆ ಬಂದು ತಾಸಾಗಿತ್ತು. ಅವರ ಮನೆತನದಲ್ಲಿ ಬಾಸಿಂಗ ತರಬೇಕಾದವನು ಸೋದರಮಾವ. ಮದುಮಗಳು ಸುಶ್ಮಿತಾಳಿಗೆ ಇದ್ದ ಒಬ್ಬನೇ ಸೋದರಮಾವನೆಂದರೆ ಟೇಲರ್ ಹೊಳಿಯಪ್ಪ. ಅವನು ಹೇಳಿದ ದಿನ ಜಂಪರ್ ಹೊಲಿದುಕೊಟ್ಟ ಉದಾಹರಣೆ ರಾಣೇಬೆನ್ನೂರಿನಲ್ಲಿ ಒಂದೂ ಇಲ್ಲ. ಅಕ್ಕ ಶೇಖವ್ವ ಅವನ ಕೈಹಿಡಿದು, ಇವತ್ತೊಂದು ದಿನ ನನ್ನ ಮರ್ಯಾದೆ ಉಳಿಸು ಎಂದು ರಾಣೇಬೆನ್ನೂರಿನ ಬಸ್ಸಿಗೆ ಹತ್ತಿಸಿ ಬಂದಳು.

ಅದು ಎರಡು ಸಾವಿರದ ನಾಲ್ಕನೆಯ ಇಸವಿ, ಏಪ್ರಿಲ್ ಮೂವತ್ತು, ಶುಕ್ರವಾರ. ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ. ಅದು ದಾಟಿದೊಡನೆ, ಹನ್ನೆರಡೂ ಐದಕ್ಕೆ ಅಭಿಜಿನ್ ಮುಹೂರ್ತ, ಅಂದರೆ ಸೂರ್ಯ ನಡುನೆತ್ತಿಗೆ ಬರುವ ಹೊತ್ತು. ವರನ ತಂದೆ ಹಾವೇರಿಯ ಫಕ್ಕೀರಪ್ಪನವರು ರೈಲ್ವೆಯಲ್ಲಿ ಸಿಗ್ನಲ್ ಕೆಲಸ ಮಾಡಿ ನಿವೃತ್ತರಾದವರು. ಕೈಗಡಿಯಾರ ನೋಡದೆ ನೀರನ್ನೂ ಕುಡಿಯುವವರಲ್ಲ. ಹನ್ನೆರಡೂ ಹತ್ತು ದಾಟಿತೋ ತಾವು ದಿಬ್ಬಣ ತಿರುಗಿಸಿಕೊಂಡು ಹೋಗುವುದೇ ಎಂದು ಬೆಳಿಗ್ಗೆಯೇ ಹೇಳಿಟ್ಟಿದ್ದರು.

ಹೊಳಿಯಪ್ಪ ಬಾಸಿಂಗವನ್ನೇನೋ ಜೋಪಾನವಾಗಿ ಎತ್ತಿಕೊಂಡ. ಆದರೆ ಗಡಿಬಿಡಿಯಲ್ಲಿ ಹೈವೇ ಮೇಲೇ ಹೋಗುವ ಬಸ್ಸು ಹತ್ತಿದ. ಅದು ಬ್ಯಾಡಗಿ ಊರೊಳಗೆ ಹೋಗುವ ಬಸ್ಸಲ್ಲ. ಕಂಡಕ್ಟರ್ ಮೋಟೆಬೆನ್ನೂರಿನಲ್ಲಿ ಇಳಿಸಿ ಸೀಟಿ ಊದಿದ. ಅಲ್ಲಿಂದ ಸಿಕ್ಕಿದ್ದು ಪೇಟೆಗೆ ಹೊರಟಿದ್ದ ಮೆಣಸಿನಕಾಯಿ ಟೆಂಪೋ. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದೇ ಹೊರತು ಖಾರಕ್ಕಲ್ಲ ಎನ್ನುತ್ತಾರೆ. ಚೀಲಗಳ ಮೇಲೆ ಕುಳಿತು ಗಾಳಿಗೆ ಮುಖವೊಡ್ಡಿದವನಿಗೆ ಈ ಭೇದ ತಿಳಿಯುವುದಿಲ್ಲ. ಬಾಸಿಂಗವನ್ನು ತಲೆಯ ಮೇಲೆ ಎತ್ತಿ ಹಿಡಿದು, ನಿಮಿಷಕ್ಕೆ ನಾಲ್ಕು ಸಲ ಸೀನುತ್ತಾ, ಕಣ್ಣು ಕೆಂಪಗೆ ಮಾಡಿಕೊಂಡು ಅವನು ಮಂಟಪದ ಅಂಗಳಕ್ಕೆ ಇಳಿದಾಗ ಹನ್ನೆರಡೂ ಹದಿನಾಲ್ಕು.

ಫಕ್ಕೀರಪ್ಪನವರ ಕಡೆಯವರು ಆಗಲೇ ಚಪ್ಪಲಿ ಹುಡುಕುತ್ತಿದ್ದರು. ಶೇಖವ್ವ ಕಂಬಕ್ಕೆ ಒರಗಿ ಅಳುತ್ತಿದ್ದಳು. ಸುಶ್ಮಿತಾ ಬರಿಹಣೆಯಲ್ಲಿ ಮಣೆಯ ಮೇಲೆ ಕುಳಿತಿದ್ದಳು, ಹೊಳಿಯಪ್ಪ ಆ ಮುಖ ನೋಡಿದ. ತನ್ನಿಂದ ಈ ಹುಡುಗಿಯ ಮದುವೆ ಮುರಿಯಿತೆಂದರೆ ತಾನು ಮತ್ತೆ ಅಕ್ಕನ ಮನೆಯ ಹೊಸ್ತಿಲು ತುಳಿಯುವಂತಿಲ್ಲ.

"ಮುಹೂರ್ತ ಹೋತು. ನಾವು ಹೊಂಟ್ವಿ," ಎಂದರು ಫಕ್ಕೀರಪ್ಪ.

ಹೊಳಿಯಪ್ಪ ತಲೆ ತಗ್ಗಿಸಿದ. ಹಾಗೆ ತಗ್ಗಿಸಿದಾಗ ಅವನಿಗೆ ಕಂಡದ್ದು ತನ್ನ ಕಾಲ ಬಳಿಯ ನೆರಳು.

ಇಲ್ಲಿ ಒಂದು ಸಂಗತಿ ಹೇಳಬೇಕು. ಹೊಳಿಯಪ್ಪ ಎಸ್ಸೆಸ್ಸೆಲ್ಸಿಯಲ್ಲಿ ಮೂರು ಸಲ ನಪಾಸಾಗಿದ್ದ, ಮೂರು ಸಲವೂ ಸಮಾಜ ವಿಜ್ಞಾನದಲ್ಲಿ, ಅಕ್ಷಾಂಶ ರೇಖಾಂಶದ ಪ್ರಶ್ನೆಯಲ್ಲೇ. ಒಂದೇ ಸಲಕ್ಕೆ ಪಾಸಾದವರು ಆ ಪಾಠವನ್ನು ಮರುದಿನವೇ ಮರೆತರು. ಅವನು ನಾಲ್ಕು ವರ್ಷ ಓದಿದ್ದ.

ಅವನು ಒಳಗೆ ಓಡಿ, ಅರಿಸಿನ ಕುಟ್ಟಿದ್ದ ಒನಕೆ ತಂದು ಅಂಗಳದ ಕಲ್ಲಿನ ಮೇಲೆ ನಿಲ್ಲಿಸಿದ. ಕೊರಳಲ್ಲಿದ್ದ ಟೇಪಿನ ತುದಿಗೆ ಬೀಗದ ಕೈ ಕಟ್ಟಿ ಇಳಿಬಿಟ್ಟು, ಒನಕೆ ನೆಟ್ಟಗಿದೆಯೇ ಎಂದು ನೋಡಿದ. ಆಮೇಲೆ ಅಂಗಿಯ ಅಳತೆ ತೆಗೆದಂತೆ ನೆರಳಿನ ಅಳತೆ ತೆಗೆದ. ಒಂದೂಮುಕ್ಕಾಲು ಇಂಚು.

"ಬೀಗರ, ಒಂದು ಮಾತು ಕೇಳ್ರಿ. ನಡುಹೊತ್ತು ದಾಟಿದ್ರ ನೆರಳು ಮೂಡಲ ಕಡೆ ಬೀಳಬೇಕು. ಇದು ಇನ್ನೂ ಪಡುವಲಕ್ಕ ಐತಿ. ಯಾಕ್ರಿ?"

ಫಕ್ಕೀರಪ್ಪ ಗಡಿಯಾರ ನೋಡಿದರು, ನೆರಳು ನೋಡಿದರು, ಮತ್ತೆ ಗಡಿಯಾರ ನೋಡಿದರು.

ಹೊಳಿಯಪ್ಪ ಸೀಮೆಸುಣ್ಣದಿಂದ ಕಲ್ಲಿನ ಮೇಲೆ ಗೆರೆ ಎಳೆದು ವಿವರಿಸಿದ. ದೇಶದ ಗಡಿಯಾರಗಳೆಲ್ಲ ನಡೆಯುವುದು ಅಲಹಾಬಾದಿನ ಹತ್ತಿರ ಹಾಯುವ ಎಂಬತ್ತೆರಡೂವರೆ ರೇಖಾಂಶದ ಲೆಕ್ಕದಲ್ಲಿ. ಬ್ಯಾಡಗಿ ಇರುವುದು ಎಪ್ಪತ್ತೈದೂವರೆಯ ಮೇಲೆ. ನಡುವೆ ಏಳು ಗೆರೆ. ಒಂದೊಂದು ಗೆರೆ ದಾಟಲು ಸೂರ್ಯನಿಗೆ ನಾಲ್ಕು ನಿಮಿಷ ಬೇಕು. ಏಳು ನಾಲ್ಕಲಿ ಇಪ್ಪತ್ತೆಂಟು.

"ನಿಮ್ಮ ಗಡಿಯಾರ ಅಲಹಾಬಾದಿಂದು, ಸೂರ್ಯ ಬ್ಯಾಡಗಿಯಾಂವ. ಲಗ್ನಕ್ಕ ಯಾರನ್ನ ಕೇಳೋಣು?"

ಚಪ್ಪಲಿ ಹಾಕಿಕೊಂಡವರು ಮತ್ತೆ ಬಿಟ್ಟರು. ಊಟದ ಪಂಕ್ತಿಗೆ ಜಾಗ ಹಿಡಿದಿದ್ದವರೂ ಎದ್ದು ಬಂದು ಒನಕೆಯ ಸುತ್ತ ನಿಂತರು. ಹೊಳಿಯಪ್ಪನಿಗೆ ಹುರುಪು ಬಂತು. ಈ ಊರಿನ ಅಕ್ಷಾಂಶ ಹದಿನಾಲ್ಕೂವರೆಗಿಂತ ತುಸು ಮೇಲೆ, ವರ್ಷಕ್ಕೆ ಎರಡೇ ಸಲ ಸೂರ್ಯ ಆ ಗೆರೆಯ ನೆತ್ತಿಗೆ ಸರಿಯಾಗಿ ಬರುತ್ತಾನೆ, ಅದರಲ್ಲಿ ಈ ಹೊತ್ತು ಒಂದು, ನಡುಹೊತ್ತಿಗೆ ಒನಕೆಗೆ ನೆರಳೇ ಇರುವುದಿಲ್ಲ, ನೋಡುತ್ತಿರಿ ಎಂದ. ನೆರಳು ಒಂದು ಇಂಚಾಯಿತು, ಅರ್ಧವಾಯಿತು, ಕಾಲಾಯಿತು. ಹನ್ನೆರಡೂ ಇಪ್ಪತ್ತೈದಕ್ಕೆ ಪೂರ್ತಿ ಮಾಯವಾಯಿತು. ಲೆಕ್ಕಕ್ಕಿಂತ ಮೂರು ನಿಮಿಷ ಮೊದಲೇ ಆಯಿತಲ್ಲ ಎಂದು ಕೇಳುವಷ್ಟು ಜಿಪುಣರು ಅಲ್ಲಿ ಯಾರೂ ಇರಲಿಲ್ಲ.

ಮದುವೆ ಮಾಡಿಸಲು ಬಂದಿದ್ದ ಅಯ್ಯನವರು ಬೆರಳು ಎಣಿಸುತ್ತಿದ್ದವರು ಬೆಚ್ಚಿದರು. ಮುಹೂರ್ತ ಸರಿದರೆ ರಾಹುಕಾಲವೂ ಸರಿಯಬೇಕಲ್ಲ. "ಹಂಗಾದ್ರ ಹನ್ನೆರಡೂ ಐದಕ್ಕ ಇಲ್ಲಿ ಇನ್ನೂ ರಾಹುಕಾಲನ ಇತ್ತು. ಹೊಳಿಯಪ್ಪ ತಡಾ ಮಾಡಿ ಬಂದದ್ದಕ್ಕ ಹುಡುಗಿ ಉಳದ್ಳು."

ಹನ್ನೆರಡೂ ಮೂವತ್ತಮೂರಕ್ಕೆ ಗಟ್ಟಿಮೇಳ ಮೊಳಗಿತು. ಸುಶ್ಮಿತಾಳ ಹಣೆಗೆ ಬಾಸಿಂಗ ಏರಿತು, ಅಕ್ಷತೆ ಬಿತ್ತು. ಫಕ್ಕೀರಪ್ಪ ಗಡಿಯಾರವನ್ನು ಇಪ್ಪತ್ತೆಂಟು ನಿಮಿಷ ಹಿಂದಕ್ಕೆ ತಿರುಗಿಸಿ, ಹೊಳಿಯಪ್ಪನನ್ನು ಎಲ್ಲರ ಮುಂದೆ ಅಪ್ಪಿಕೊಂಡರು. ಅವನಿಗೆ ಶಾಲು ಹೊದಿಸಿ, ಮದುಮಕ್ಕಳ ಪಕ್ಕದಲ್ಲೇ ಎಲೆ ಹಾಕಿದರು. ಇಡೀ ಬ್ಯಾಡಗಿಯಲ್ಲಿ ಅಷ್ಟು ಸುಖಿಯಾದ ಟೇಲರ್ ಆ ಹೊತ್ತು ಇನ್ನೊಬ್ಬನಿರಲಿಲ್ಲ.

ಎರಡನೆಯ ಸಲ ಹೋಳಿಗೆ ಬಡಿಸುತ್ತಾ ಅವನ ಹೆಂಡತಿ ನಾಗಲಕ್ಷ್ಮಿ ತುಪ್ಪದ ಮಿಳ್ಳೆ ಹಿಡಿದು ನಿಂತುಬಿಟ್ಟಳು.

"ಏನ್ರಿ, ನಮ್ಮ ಲಗ್ನನೂ ಶುಕ್ರವಾರನ ಆಗಿತ್ತಲ್ರಿ. ಹನ್ನೆರಡೂ ಐದಕ್ಕ."

ಹೊಳಿಯಪ್ಪನ ಬಾಯಲ್ಲಿದ್ದ ಹೋಳಿಗೆ ಅಲ್ಲೇ ನಿಂತಿತು. ಜೀವಮಾನದಲ್ಲಿ ಅವನು ಹೇಳಿದ ಹೊತ್ತಿಗೆ ಸರಿಯಾಗಿ ಹಾಜರಾದದ್ದು ಅದೊಂದೇ ದಿನ.

ಅಯ್ಯನವರು ಮತ್ತೆ ಬೆರಳು ಎಣಿಸಿದರು. ಅನುಮಾನವೇ ಇಲ್ಲ, ಹದಿನಾರು ವರ್ಷದ ಹಿಂದಿನ ಆ ತಾಳಿ ಬಿದ್ದದ್ದು ರಾಹುಕಾಲದಲ್ಲಿ. ಶಾಂತಿ ಮಾಡಿಸಿ ಮತ್ತೊಮ್ಮೆ ಕಟ್ಟಬೇಕು. ಶಾಂತಿ ಮುಗಿಯುವಷ್ಟರಲ್ಲಿ ಆಷಾಢ, ಅದರ ಮೇಲೆ ಅಧಿಕ ಮಾಸ, ಶ್ರಾವಣಕ್ಕೆ ಮೊದಲು ಬೇಡ. ಅಲ್ಲಿಯವರೆಗೆ ಇಬ್ಬರೂ ಒಂದೇ ಸೂರಿನಡಿ ಇರುವುದು ಸರಿಯಲ್ಲ ಎಂದರು.

"ಆ ಗೆರಿ ಎಲ್ಲಾ ಕಾಲ್ಪನಿಕ ಅದಾವ್ರಿ," ಎಂದ ಹೊಳಿಯಪ್ಪ. "ಭೂಮಿ ಮ್ಯಾಲೆ ಯಾರೂ ಎಳದಿಲ್ರಿ, ಪುಸ್ತಕದಾಗನ ಬರದಾರ."

ಫಕ್ಕೀರಪ್ಪ ಒನಕೆ ಹಿಡಿದುಕೊಂಡು ಮುಂದೆ ಬಂದರು. ಏಳು ನಾಲ್ಕಲಿ ಎಷ್ಟು ಎಂದು ಅವನನ್ನೇ ಕೇಳಿದರು. ಇಡೀ ಪಂಕ್ತಿ ಇಪ್ಪತ್ತೆಂಟು ಎಂದಿತು.

ನಾಗಲಕ್ಷ್ಮಿ ಅಣ್ಣ ಮೈಲಾರೆಪ್ಪನ ಜೀಪು ಹತ್ತಿ ತವರೂರು ಐರಣಿಗೆ ಹೊರಟಳು. ರಾಹುಕಾಲದಲ್ಲಿ ತಾಳಿ ಕಟ್ಟಿಸಿಕೊಂಡವಳ ಮುಖವಾಗಿರಲಿಲ್ಲ ಅದು, ನಾಲ್ಕು ತಿಂಗಳ ರಜೆ ಸಿಕ್ಕವಳ ಮುಖವಾಗಿತ್ತು. ಜೀಪು ಹೊರಡುವಾಗ ತಲೆ ಹೊರಗೆ ಹಾಕಿ ಗಂಡನಿಗೆ ಹೇಳಿದಳು.

"ಶ್ರಾವಣದಾಗ ಬರ್ರಿ. ಹೇಳಿದ ಹೊತ್ತಿಗೆ ಮಾತ್ರ ಬರಬ್ಯಾಡ್ರಿ, ಈ ಸಲ ತಡಾ ಮಾಡೇ ಬರ್ರಿ."